ಮಾತಿಗೆ ಕಟ್ಟಿದ ಮನೆ

ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣದಲ್ಲಿ ಇಳಿದು ಪಿಕಡಿಲಿ ಲೈನಿನ ರೈಲು ಹತ್ತಿದವರಿಗೆಲ್ಲ ಒಂದು ಊರಿನ ಹೆಸರು ಬಾಯಿಪಾಠವಾಗಿರುತ್ತದೆ: ಕಾಕ್‌ಫಾಸ್ಟರ್ಸ್. ಒಂದೊಂದು ನಿಲ್ದಾಣ ಬಂದಾಗಲೂ, ಈ ಗಾಡಿ ಕಾಕ್‌ಫಾಸ್ಟರ್ಸಿಗೆ ಹೋಗುತ್ತದೆ ಎಂದು ಧ್ವನಿವರ್ಧಕ ಸಾರುತ್ತಲೇ ಇರುತ್ತದೆ. ಮಗಳ ಬಾಣಂತನಕ್ಕೆಂದು ಬೆಂಗಳೂರಿನಿಂದ ಹೊರಟು, ಎರಡು ಸೂಟ್‌ಕೇಸುಗಳ ನಡುವೆ ಸಿಕ್ಕಿಕೊಂಡು, ಉಪ್ಪಿನಕಾಯಿಯ ಎಣ್ಣೆ ಸೀರೆಗಳಿಗೆ ಇಳಿದಿದೆಯೋ ಏನೋ ಎಂದು ಕಳವಳಪಡುತ್ತ ಕೂತ ತಾಯಂದಿರಿಗೂ ಈ ಹೆಸರು ಗೊತ್ತು. ಆದರೆ ಕಾಕ್‌ಫಾಸ್ಟರ್ಸಿಗೆ ಹೋಗಿಬಂದೆ ಎಂದವರನ್ನು ಮಾತ್ರ ನಾನು ಕಂಡಿಲ್ಲ. ಎಲ್ಲರೂ ನಡುವೆಯೇ ಎಲ್ಲೋ ಇಳಿದುಬಿಡುತ್ತಾರೆ. ಊರು ಪಾಪ, ದಿನವಿಡೀ ತನ್ನ ಹೆಸರು ಕೂಗಿಸಿಕೊಂಡು ಕೊನೆಯ ನಿಲ್ದಾಣದಲ್ಲಿ ಕಾಯುತ್ತಿರುತ್ತದೆ.

ಹೋದರೆ ನೋಡುವುದಕ್ಕೆ ಏನೂ ಇಲ್ಲವೆಂದಲ್ಲ. ಅಲ್ಲಿಂದ ಸ್ವಲ್ಪ ನಡೆದರೆ ಟ್ರೆಂಟ್ ಪಾರ್ಕ್. ಹುಲ್ಲುಗಾವಲು, ಮರಗಳ ಸಾಲು, ಕೆರೆ, ನಡುವೆ ಕೆಂಪು ಇಟ್ಟಿಗೆಯ ದೊಡ್ಡ ಬಂಗಲೆ. ಎರಡನೆಯ ಮಹಾಯುದ್ಧದಲ್ಲಿ ಒಂದೇ ಒಂದು ಗುಂಡು ಹಾರಿಸದೆ ಯುದ್ಧ ಮಾಡಿದ ಮನೆ ಇದು. ಅದು ಮಾಡಿದ್ದಿಷ್ಟೇ: ಬಂದವರಿಗೆ ಊಟ ಉಪಚಾರ ಮಾಡಿ, ಅವರು ಆಡಿದ್ದನ್ನು ಕೇಳಿಸಿಕೊಂಡಿತು.

ಇಂಗ್ಲೆಂಡಿನ ಹಳ್ಳಿಗಾಡಿನ ಬಂಗಲೆಗಳ ಕಥೆ ಓದುವುದು ನನಗೊಂದು ಚಟ. ಮನೆ ಎನ್ನುವುದು ತನ್ನ ಯಜಮಾನನನ್ನೇ ನುಂಗುವಷ್ಟು ದೊಡ್ಡದಾದರೆ ಏನಾಗುತ್ತದೆ ಎಂಬುದಕ್ಕೆ ಅಷ್ಟು ಒಳ್ಳೆಯ ಉದಾಹರಣೆಗಳು ಬೇರೆಲ್ಲೂ ಸಿಗುವುದಿಲ್ಲ. ಅಡುಗೆಮನೆಯಿಂದ ಊಟದ ಮನೆಗೆ ಬರುವಷ್ಟರಲ್ಲಿ ಸೂಪು ಆರಿಹೋಗುವ ಮನೆಗಳು. ಎಷ್ಟು ಕೋಣೆಗಳಿವೆಯೆಂದು ಯಜಮಾನನಿಗೇ ಖಚಿತವಿಲ್ಲದ ಮನೆಗಳು. ಮೊದಲ ಮಹಾಯುದ್ಧದಲ್ಲಿ ಎಷ್ಟೋ ಮನೆಗಳ ವಾರಸುದಾರ ಮಕ್ಕಳು ತೀರಿಕೊಂಡರು, ಆಳುಕಾಳುಗಳು ಕಾರ್ಖಾನೆ ಸೇರಿದರು, ಒಬ್ಬ ಯಜಮಾನ ಸತ್ತರೆ ಸರ್ಕಾರ ಆಸ್ತಿಯ ಮೇಲೆ ಹೆಚ್ಚು ಹೆಚ್ಚು ತೆರಿಗೆ ಕೇಳತೊಡಗಿತು. 1939ರಲ್ಲಿ ಮತ್ತೆ ಯುದ್ಧ ಬಂದಾಗ ಸರ್ಕಾರ ಇಂಥ ಮನೆಗಳನ್ನು ಒಂದೊಂದಾಗಿ ವಶಕ್ಕೆ ತೆಗೆದುಕೊಳ್ಳತೊಡಗಿತು. ಮನೆಯೊಡೆಯರಿಗೆ ಆಗ ಹಿಟ್ಲರನಿಗಿಂತ ಹೆಚ್ಚಿನ ಭಯವಿದ್ದದ್ದು ತಮ್ಮದೇ ದೇಶದ ಸಿಪಾಯಿಗಳದು. ಚಳಿಗೆ ಮೆಟ್ಟಿಲ ಕಟಾಂಜನವನ್ನೇ ಮುರಿದು ಒಲೆಗೆ ಹಾಕುವವರು, ಮುತ್ತಜ್ಜನ ತೈಲಚಿತ್ರದ ಮೂಗಿಗೆ ಗುರಿಯಿಟ್ಟು ಡಾರ್ಟ್ ಎಸೆಯುವವರು ಎಂದು ಅವರಿಗೆ ಹೆಸರಿತ್ತು. ಡಾರ್ಬಿಶೈರಿನ ಚಾಟ್ಸ್‌ವರ್ತ್ ಮಹಲಿನ ಡ್ಯೂಕ್ ಲೆಕ್ಕ ಬಲ್ಲವನು. ಸೈನ್ಯ ಬಂದು ಬಾಗಿಲು ಬಡಿಯುವ ಮೊದಲೇ ವೇಲ್ಸಿನ ಪೆನ್ರೋಸ್ ಕಾಲೇಜ್ ಎಂಬ ಹೆಣ್ಣುಮಕ್ಕಳ ಶಾಲೆಯನ್ನು ಕರೆದು ಒಳಗೆ ಕೂರಿಸಿಕೊಂಡ. ಹುಡುಗಿಯರು ಸಿಪಾಯಿಗಳಷ್ಟು ಹಾಳುಗೆಡವಲಾರರು ಎಂಬುದು ಅವನ ಅಂದಾಜು. ಬಣ್ಣದ ಛಾವಣಿಗಳಡಿ, ರಾಜರಾಣಿಯರಿಗೆಂದು ಸಿಂಗರಿಸಿಟ್ಟ ಕೋಣೆಗಳಲ್ಲಿ, ಸಾಲಾಗಿ ಕಬ್ಬಿಣದ ಮಂಚ ಹಾಕಿಕೊಂಡು ಹುಡುಗಿಯರು ಯುದ್ಧ ಕಳೆದರು. ಹರ್ಟ್‌ಫರ್ಡ್‌ಶೈರಿನ ಬ್ರಾಕೆಟ್ ಹಾಲ್ ಹೆರಿಗೆ ಆಸ್ಪತ್ರೆಯಾಯಿತು. ಲಂಡನ್ನಿನ ಬಾಂಬುಗಳಿಂದ ತಪ್ಪಿಸಿಕೊಂಡು ಬಂದ ತಾಯಂದಿರು ಅಲ್ಲಿ 8,000ಕ್ಕೂ ಹೆಚ್ಚು ಮಕ್ಕಳನ್ನು ಹೆತ್ತರು. ಬ್ಲೆನಿಮ್ ಅರಮನೆಯ ಉದ್ದನೆಯ ಗ್ರಂಥಾಲಯದಲ್ಲಿ ಗಂಡುಹುಡುಗರ ಶಾಲೆಯೊಂದರ ಹಾಸಿಗೆಗಳು ಬಿದ್ದವು. ಯಾರ್ಕ್‌ಶೈರಿನ ಕ್ಯಾಸಲ್ ಹೋವರ್ಡ್‌ನಲ್ಲೂ ಹೆಣ್ಣುಮಕ್ಕಳ ಶಾಲೆಯೇ ಇತ್ತು. ಆದರೂ 1940ರ ನವೆಂಬರಿನಲ್ಲಿ ಬೆಂಕಿ ಬಿದ್ದು ಅದರ ಪ್ರಸಿದ್ಧ ಗುಮ್ಮಟವೇ ಹೋಯಿತು. ಡ್ಯೂಕರ ಲೆಕ್ಕ ಎಲ್ಲ ಕಡೆಯೂ ತಾಳೆಯಾಗುವುದಿಲ್ಲ.

ಈ ಮನೆಗಳೆಲ್ಲ ಯುದ್ಧದಲ್ಲಿ ತಮ್ಮದಲ್ಲದ ವೇಷ ಹಾಕಿದವು. ಟ್ರೆಂಟ್ ಪಾರ್ಕಿನ ಕಥೆ ಬೇರೆ. ಅದು ಶಾಂತಿಕಾಲದಲ್ಲಿ ಏನು ಮಾಡಿಕೊಂಡಿತ್ತೋ ಯುದ್ಧದಲ್ಲೂ ಅದನ್ನೇ ಮಾಡಿತು ಎಂದು ನನ್ನ ವಾದ. ವಾದಕ್ಕೆ ಪುರಾವೆ ಬೇಕಲ್ಲ. ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಈ ಜಾಗ ಮೊದಲು ಎನ್‌ಫೀಲ್ಡ್ ಚೇಸ್ ಎಂಬ ರಾಜರ ಬೇಟೆಯ ಕಾಡಿನ ಒಂದು ತುಂಡು. 1777ರಲ್ಲಿ ದೊರೆ ಮೂರನೆಯ ಜಾರ್ಜ್‌ನ ತಮ್ಮ, ಗ್ಲಾಸ್ಟರಿನ ಡ್ಯೂಕ್, ಇಟಲಿಯ ಕಡೆ ಪ್ರವಾಸ ಹೋಗಿದ್ದವನು ಟ್ರೆಂಟೊ ಎಂಬ ಊರಿನಲ್ಲಿ ಕಾಯಿಲೆ ಬಿದ್ದ. ಬದುಕುವುದು ಕಷ್ಟ ಎನ್ನುವಂತಾದಾಗ ರಿಚರ್ಡ್ ಜೆಬ್ ಎಂಬ ವೈದ್ಯ ಅಲ್ಲಿಗೆ ಹೋಗಿ ಉಳಿಸಿದ. ತಮ್ಮ ಜೀವಂತ ಮರಳಿದ ಸಂತೋಷಕ್ಕೆ ದೊರೆ ವೈದ್ಯನಿಗೆ ಕೊಟ್ಟ ಫೀಸು ಕಾಡಿನ ಒಂದು ಭಾಗ. ಜೆಬ್ ಅಲ್ಲೊಂದು ಚಿಕ್ಕ ಮನೆ ಕಟ್ಟಿಕೊಂಡು, ರೋಗಿ ಮಲಗಿದ್ದ ಊರಿನ ಹೆಸರನ್ನೇ ಅದಕ್ಕಿಟ್ಟ. ನಮ್ಮ ಡಾಕ್ಟರುಗಳು ಮನೆಗೆ ‘ಧನ್ವಂತರಿ’ ಎಂದೋ ‘ಮಾತೃಕೃಪಾ’ ಎಂದೋ ಹೆಸರಿಟ್ಟು ದುಡ್ಡು ಎಲ್ಲಿಂದ ಬಂತೆಂಬ ಪ್ರಶ್ನೆಯನ್ನು ಜಾಣತನದಿಂದ ದಾಟಿಬಿಡುತ್ತಾರೆ. ಜೆಬ್ ಪ್ರಾಮಾಣಿಕ; ರಸೀದಿಯನ್ನೇ ಬಾಗಿಲ ಮೇಲೆ ಬರೆಸಿದ.

ಆಮೇಲೆ ಮನೆ ಕೈಯಿಂದ ಕೈಗೆ ಹೋಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಬೆವನ್ ಎಂಬ ಬ್ಯಾಂಕಿನ ಮನೆತನ ಬಹುಕಾಲ ಇಟ್ಟುಕೊಂಡಿತ್ತು. ಭಕ್ತರು, ಗಂಭೀರರು, ಸಂಭಾವಿತರು; ಅಂಥವರ ಬಗ್ಗೆ ಹೆಚ್ಚು ಬರೆಯಲು ಏನೂ ಇರುವುದಿಲ್ಲ. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಅದು ಸಾಸೂನ್ ಮನೆತನಕ್ಕೆ ಬಂತು.

ಸಾಸೂನ್ ಎಂದೊಡನೆ ಉತ್ತರ ಕರ್ನಾಟಕದವರಿಗೆ ನೆನಪಾಗುವುದು ಪುಣೆಯ ಆಸ್ಪತ್ರೆ. ಅದೇ ಮನೆತನ. ಮೂಲಪುರುಷ ಡೇವಿಡ್ ಸಾಸೂನ್ ಬಾಗ್ದಾದಿನ ಯಹೂದಿ ವರ್ತಕ. ಅಲ್ಲಿನ ಪಾಷಾನ ಕಾಟ ತಾಳಲಾರದೆ ಓಡಿಬಂದು 1830ರ ದಶಕದಲ್ಲಿ ಮುಂಬಯಿಯಲ್ಲಿ ನೆಲೆನಿಂತ. ಹತ್ತಿ ಮಾರಿದ, ಬಟ್ಟೆ ಮಾರಿದ, ಮುಖ್ಯವಾಗಿ ಚೀನಾಕ್ಕೆ ಅಫೀಮು ಮಾರಿದ. ಚೀನಾದಲ್ಲಿ ಎಷ್ಟು ಜನ ಆ ಹೊಗೆಯಲ್ಲಿ ಹಾಳಾದರೋ ಲೆಕ್ಕವಿಲ್ಲ; ಇತ್ತ ಮುಂಬಯಿ ಪುಣೆಗಳಲ್ಲಿ ಗ್ರಂಥಾಲಯ, ಶಾಲೆ, ಸಿನಗಾಗ್, ಆಸ್ಪತ್ರೆ ಎದ್ದವು. ಅವನ ಮಗ ಆಲ್ಬರ್ಟ್ ಮುಂಬಯಿಯ ಸಾಸೂನ್ ಡಾಕ್ ಕಟ್ಟಿಸಿ, ಕೊನೆಗೆ ಇಂಗ್ಲೆಂಡಿಗೆ ಹೋಗಿ ಬ್ಯಾರನೆಟ್ ಆದ. ಆಲ್ಬರ್ಟನ ಮಗ ಎಡ್ವರ್ಡ್ ಪ್ಯಾರಿಸಿನ ರಾತ್ಸ್‌ಚೈಲ್ಡ್ ಮನೆಯ ಹುಡುಗಿಯನ್ನು ಮದುವೆಯಾಗಿ, ಟ್ರೆಂಟ್ ಪಾರ್ಕ್ ಹಿಡಿದ. ಎಡ್ವರ್ಡನ ಮಗನೇ ನಮ್ಮ ಕಥೆಯ ಫಿಲಿಪ್. ಬಾಗ್ದಾದಿನಿಂದ ಓಡಿಬಂದವನ ಮರಿಮಗ.

ಪುಣೆಯ ಆಸ್ಪತ್ರೆಯ ಹೆಸರೆತ್ತಿದ ಮೇಲೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. 1924ರ ಜನವರಿಯಲ್ಲಿ ಯೆರವಡಾ ಜೈಲಿನಲ್ಲಿದ್ದ ಗಾಂಧೀಜಿಗೆ ಅಪೆಂಡಿಸೈಟಿಸ್ ಆಗಿ, ಸಾಸೂನ್ ಆಸ್ಪತ್ರೆಗೆ ತಂದು ಕರ್ನಲ್ ಮ್ಯಾಡಕ್ ಎಂಬ ಬ್ರಿಟಿಷ್ ಸರ್ಜನ್ ರಾತ್ರಿ ಶಸ್ತ್ರಚಿಕಿತ್ಸೆ ಮಾಡಿದ. ನಡುವೆ ಕರೆಂಟು ಹೋಯಿತು. ದೇಶದ ಅತಿ ಮುಖ್ಯ ಕೈದಿಯ ಹೊಟ್ಟೆ ಕೊಯ್ದಿಟ್ಟುಕೊಂಡು ಕತ್ತಲಲ್ಲಿ ನಿಂತ ಆ ಕರ್ನಲ್ಲನ ಎದೆಬಡಿತ ಹೇಗಿತ್ತೋ! ರೋಗಿ ಉಳಿದರು, ಮುಂದಿನ ತಿಂಗಳೇ ಸರ್ಕಾರ ಬಿಡುಗಡೆ ಮಾಡಿತು, ಅದೇ ವರ್ಷದ ಡಿಸೆಂಬರಿನಲ್ಲಿ ಅವರು ಬೆಳಗಾವಿಗೆ ಬಂದು ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷತೆ ವಹಿಸಿದರು. ಅವರು ಅಧ್ಯಕ್ಷರಾದ ಏಕೈಕ ಅಧಿವೇಶನ ಅದು. ಸಾಸೂನರ ಸೂರಿನಡಿ ಬ್ರಿಟಿಷರು ತಮ್ಮ ಕೈದಿಯನ್ನು ಮುತುವರ್ಜಿಯಿಂದ ನೋಡಿಕೊಂಡದ್ದು ಅದೇ ಕೊನೆಯಲ್ಲ ಎಂಬುದಷ್ಟೇ ಇಲ್ಲಿಗೆ ಸಂಬಂಧಪಟ್ಟದ್ದು.

ಫಿಲಿಪ್ ಸಾಸೂನ್ ಹುಟ್ಟಿದ್ದು 1888ರಲ್ಲಿ, ಪ್ಯಾರಿಸಿನಲ್ಲಿ. ಇಪ್ಪತ್ತಮೂರು ವರ್ಷಕ್ಕೆ ಅಪ್ಪನ ಆಸ್ತಿಯೂ ಅಪ್ಪನ ಪಾರ್ಲಿಮೆಂಟ್ ಕ್ಷೇತ್ರವೂ ಒಟ್ಟಿಗೆ ಕೈಗೆ ಬಂದವು. ಮೊದಲ ಮಹಾಯುದ್ಧದಲ್ಲಿ ಸೇನಾಪತಿ ಡಗ್ಲಸ್ ಹೇಗ್‌ನ ಖಾಸಗಿ ಕಾರ್ಯದರ್ಶಿಯಾಗಿದ್ದ. ದೊಡ್ಡ ದೊಡ್ಡ ಸೇನಾಧಿಕಾರಿಗಳನ್ನು ಖುಷಿಯಾಗಿಡುವುದು ಹೇಗೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು ಎಂದಾಯಿತು. ಮದುವೆಯಾಗಲಿಲ್ಲ. ಯುದ್ಧ ಮುಗಿದ ಮೇಲೆ ಅವನ ಮುಖ್ಯ ಕಸುಬು ಎರಡು: ವಿಮಾನ ಇಲಾಖೆಯಲ್ಲಿ ಕಿರಿಯ ಸಚಿವಗಿರಿ, ಮತ್ತು ಅತಿಥಿ ಸತ್ಕಾರ. ಎರಡನೆಯದನ್ನೇ ಅವನು ಹೆಚ್ಚು ಶ್ರದ್ಧೆಯಿಂದ ಮಾಡಿದ ಎಂದು ನನಗನ್ನಿಸುತ್ತದೆ.

ಬೆವನ್‌ಗಳ ಕಾಲದ ಕಳೆಗೆಟ್ಟ ವಿಕ್ಟೋರಿಯನ್ ಮನೆ ಅವನ ಕಣ್ಣಿಗೆ ಹಿಡಿಸಲಿಲ್ಲ. 1924ರಲ್ಲಿ ಲಂಡನ್ನಿನ ಪಿಕಡಿಲಿಯಲ್ಲಿದ್ದ ಡೆವನ್‌ಶೈರ್ ಹೌಸ್ ಎಂಬ ಹಳೆಯ ಮಹಲನ್ನು ಕೆಡವಿದರು. ಅದರ ಇಟ್ಟಿಗೆ, ಕಲ್ಲುಗಳನ್ನು ಕೊಂಡು ತಂದು, ತನ್ನ ಮನೆಗೆ ಹೊಸ ಮುಖ ಕೊಟ್ಟ. ಹೊಸ ಮುಖ ಎಂದೆನೇ? ಇನ್ನೂರು ವರ್ಷ ಹಳೆಯದು ಎನ್ನಿಸುವಂಥ ಹೊಸ ಮುಖ. ಪಿಕಡಿಲಿ ಲೈನು ಕಾಕ್‌ಫಾಸ್ಟರ್ಸಿಗೆ ಬಂದದ್ದು 1933ರಲ್ಲಿ. ಪಿಕಡಿಲಿಯ ಇಟ್ಟಿಗೆಗಳು ರೈಲಿಗೆ ಕಾಯದೆ ಮೊದಲೇ ಬಂದು ಕೂತಿದ್ದವು. ಜೊತೆಗೆ ಗಾಲ್ಫ್ ಮೈದಾನ, ಈಜುಕೊಳ, ತನ್ನ ಸ್ವಂತ ವಿಮಾನ ಇಳಿಸಲು ಒಂದು ಓಡುದಾರಿ, ಅಲಂಕಾರಕ್ಕೆ ಫ್ಲೆಮಿಂಗೊ ಮತ್ತು ಪೆಂಗ್ವಿನ್.

ವಾರಾಂತ್ಯಗಳಲ್ಲಿ ಅಲ್ಲಿಗೆ ಬರುತ್ತಿದ್ದವರ ಪಟ್ಟಿ ನೋಡಿ: ವಿನ್‌ಸ್ಟನ್ ಚರ್ಚಿಲ್, ಬರ್ನಾರ್ಡ್ ಶಾ, ಚಾರ್ಲಿ ಚಾಪ್ಲಿನ್, ಅರೇಬಿಯಾದ ಲಾರೆನ್ಸ್, ವೇಲ್ಸಿನ ರಾಜಕುಮಾರ. ಚರ್ಚಿಲ್ ಅಲ್ಲಿನ ನೀಲಿ ಕೋಣೆಯಲ್ಲಿ ಕೂತು ಅದರ ಚಿತ್ರವನ್ನೇ ಬರೆದ. ರಾತ್ರಿ ಊಟಕ್ಕೆ ಬಟ್ಟೆ ಬದಲಿಸುವ ಹೊತ್ತಿಗೆ ಪ್ರತಿ ಗಂಡಸಿನ ಕನ್ನಡಿಯ ಮುಂದೆ ಕೋಟಿಗೆ ಸಿಕ್ಕಿಸಿಕೊಳ್ಳಲು ಒಂದು ಹೂವೂ ಕುಡಿಯಲು ಒಂದು ಕಾಕ್‌ಟೇಲೂ ತಾವಾಗಿ ಬಂದು ಕೂತಿರುತ್ತಿದ್ದವಂತೆ. ಒಂದು ಸಂಜೆ ಮನೆಯ ಮೇಲೆ ಹಾರುತ್ತಿದ್ದ ಬ್ರಿಟಿಷ್ ಬಾವುಟದ ಬಣ್ಣಗಳು ಮುಳುಗುವ ಸೂರ್ಯನ ಬಣ್ಣಕ್ಕೆ ಹೊಂದುವುದಿಲ್ಲವೆಂದು ಸಾಸೂನ್ ಅದನ್ನು ಇಳಿಸಿಬಿಟ್ಟನಂತೆ. ಸೂರ್ಯ ಮುಳುಗದ ಸಾಮ್ರಾಜ್ಯದ ಸಚಿವನೊಬ್ಬ ಸೂರ್ಯಾಸ್ತಕ್ಕಾಗಿ ಬಾವುಟ ಇಳಿಸಿದ ಎಂಬ ಈ ಕಥೆ ನಿಜವೋ ಸುಳ್ಳೋ, ಯಾರೂ ಸುಳ್ಳೆನ್ನಲು ಮನಸ್ಸು ಮಾಡಿಲ್ಲ.

ಇಷ್ಟೆಲ್ಲ ಏತಕ್ಕೆ? ಮಾತಿಗೆ. ಹೊಟ್ಟೆ ತುಂಬಿರಬೇಕು, ಕುರ್ಚಿ ಮೆತ್ತಗಿರಬೇಕು, ಪಕ್ಕದಲ್ಲಿ ತನ್ನ ಅಂತಸ್ತಿನವನೇ ಒಬ್ಬ ಇರಬೇಕು. ಆಗ ದೊಡ್ಡ ಮನುಷ್ಯರು ಪಾರ್ಲಿಮೆಂಟಿನಲ್ಲಿ ಆಡದ್ದನ್ನು ಆಡುತ್ತಾರೆ. ಸಾಸೂನ್ ಇಪ್ಪತ್ತು ವರ್ಷ ಹಣ ಚೆಲ್ಲಿ ಅಂಥ ಒಂದು ಯಂತ್ರ ಕಟ್ಟಿದ. 1939ರ ಜೂನ್ 3ರಂದು, ಐವತ್ತನೆಯ ವಯಸ್ಸಿನಲ್ಲಿ, ತೀರಿಕೊಂಡ. ವಿಮಾನದಿಂದ ಅವನ ಬೂದಿಯನ್ನು ಟ್ರೆಂಟ್ ಪಾರ್ಕಿನ ಮೇಲೆ ಚೆಲ್ಲಿದರು. ಸರಿಯಾಗಿ ಮೂರು ತಿಂಗಳಿಗೆ, ಸೆಪ್ಟೆಂಬರ್ 3ಕ್ಕೆ, ಬ್ರಿಟನ್ ಜರ್ಮನಿಯ ಮೇಲೆ ಯುದ್ಧ ಸಾರಿತು.

ಯುದ್ಧ ಇಲಾಖೆಯವರು ಮನೆಯನ್ನು ವಶಕ್ಕೆ ತೆಗೆದುಕೊಂಡು ಮಾಡಿದ ಮೊದಲ ಕೆಲಸ ನೆಲದ ಹಲಗೆ ಕೀಳುವುದು. ಹಲಗೆಯಡಿಗೆ ತಂತಿ, ಒಲೆಗೂಡಿನೊಳಗೆ ಮೈಕ್ರೊಫೋನು. ದೀಪದ ಬುರುಡೆಯ ಮೇಲೊಂದು, ಹೂಕುಂಡದಲ್ಲೊಂದು, ಬಿಲಿಯರ್ಡ್ಸ್ ಮೇಜಿನ ಹೊಟ್ಟೆಯಲ್ಲೊಂದು. ಹೊರಗೆ ತೋಟದ ಮರಗಳನ್ನೂ ಬಿಡಲಿಲ್ಲ. ಎಲ್ಲ ತಂತಿಗಳೂ ಹೋಗಿ ಸೇರುತ್ತಿದ್ದದ್ದು ನೆಲಮಾಳಿಗೆಯ ‘ಎಂ ರೂಂ’ ಎಂಬ ಕೋಣೆಗೆ. ಗೋಡೆಗೂ ಕಿವಿ ಇರುತ್ತದೆ ಎಂದು ನಮ್ಮ ಅಜ್ಜಿಯರು ಎಚ್ಚರಿಸುತ್ತಿದ್ದುದನ್ನು ಬ್ರಿಟಿಷರು ಅಕ್ಷರಶಃ ಜಾರಿಗೆ ತಂದರು.

ಈ ಏರ್ಪಾಟಿನ ಯಜಮಾನ ಥಾಮಸ್ ಕೆಂಡ್ರಿಕ್ ಎಂಬ ಗುಪ್ತಚರ ಅಧಿಕಾರಿ. ಯುದ್ಧಕ್ಕೆ ಮೊದಲು ವಿಯೆನ್ನಾದಲ್ಲಿ ಪಾಸ್‌ಪೋರ್ಟ್ ಅಧಿಕಾರಿಯ ವೇಷದಲ್ಲಿದ್ದ. 1938ರಲ್ಲಿ ಹಿಟ್ಲರ್ ಆಸ್ಟ್ರಿಯಾ ನುಂಗಿದಾಗ, ಕಚೇರಿಯ ಮುಂದೆ ಸಾಲುಗಟ್ಟಿ ನಿಂತ ಯಹೂದಿಗಳಿಗೆ ವೀಸಾ ಕೊಟ್ಟು ಕೊಟ್ಟು ದಾಟಿಸಿದ. ಅದೇ ಆಗಸ್ಟಿನಲ್ಲಿ ಗೆಸ್ಟಾಪೊ ಅವನನ್ನು ಹಿಡಿದು ವಿಚಾರಿಸಿ ದೇಶದಿಂದ ಅಟ್ಟಿತು. ವಿಚಾರಣೆ ಮಾಡಿಸಿಕೊಳ್ಳುವವನ ಮನಸ್ಸು ಹೇಗಿರುತ್ತದೆ ಎಂಬ ಪಾಠ ಅವನಿಗೆ ಶತ್ರುಗಳ ಖರ್ಚಿನಲ್ಲೇ ಆಯಿತು.

ಮೊದಮೊದಲು ಕೈದಿಗಳಾಗಿ ಬಂದವರು ಮುಳುಗಿದ ಜರ್ಮನ್ ಸಬ್‌ಮರೀನುಗಳ ನಾವಿಕರು, ಉರುಳಿದ ವಿಮಾನಗಳ ಪೈಲಟ್‌ಗಳು. ಇವರಿಗೆ ಒಂದು ನಾಟಕವಿತ್ತು. ಕೈದಿಯನ್ನು ಒಬ್ಬ ಅಧಿಕಾರಿಯ ಮುಂದೆ ಕೂರಿಸುತ್ತಿದ್ದರು. ಅಧಿಕಾರಿ ದಡ್ಡನಂತೆ ಏನೇನೋ ಕೇಳಿ, ಉತ್ತರ ಸಿಗದೆ ಬೇಸತ್ತು ಕಳಿಸಿಬಿಡುತ್ತಿದ್ದ. ಕೈದಿ ಬೀಗುತ್ತ ಕೋಣೆಗೆ ಮರಳಿ ಜೊತೆಗಾರನಿಗೆ, ಅವನು ಇಂಥದ್ದನ್ನು ಕೇಳಿದ, ನಾನು ಹೇಳಲೇ ಇಲ್ಲ ನೋಡು, ಎನ್ನುತ್ತಿದ್ದ. ಏನು ಹೇಳಲಿಲ್ಲ ಎಂದು ಜೊತೆಗಾರ ಕೇಳುವುದು ಸಹಜ. ಆಗ ಹೇಳದೆ ಉಳಿಸಿಕೊಂಡದ್ದೆಲ್ಲ ವಿವರವಾಗಿ, ಅಂಕಿಅಂಶ ಸಮೇತ ಹೊರಬರುತ್ತಿತ್ತು. ಗುಟ್ಟನ್ನು ಕಾಪಾಡಿದೆ ಎಂದು ಒಬ್ಬರಿಗಾದರೂ ಹೇಳಿಕೊಳ್ಳದಿದ್ದರೆ ಕಾಪಾಡಿದ ಸುಖವೇ ಇರುವುದಿಲ್ಲವಲ್ಲ.

1942ರಿಂದ ಟ್ರೆಂಟ್ ಪಾರ್ಕನ್ನು ಜನರಲ್‌ಗಳಿಗೆ ಮೀಸಲಿಟ್ಟರು. ಆಫ್ರಿಕಾದ ಮರುಭೂಮಿಯಲ್ಲಿ ಸೆರೆಯಾದ ಲುಡ್ವಿಗ್ ಕ್ರೂವೆಲ್ ಮೊದಲು ಬಂದ. ಎಲ್ ಅಲಮೇನ್ ಕಾಳಗದಲ್ಲಿ ಸಿಕ್ಕಿಬಿದ್ದ ವಿಲ್ಹೆಲ್ಮ್ ಫಾನ್ ಥೋಮಾ ಆಮೇಲೆ ಬಂದ. ಟ್ಯುನಿಸಿಯಾ ಸೋತ ಮೇಲೆ ಫಾನ್ ಆರ್ನಿಮ್. ಯುದ್ಧ ಮುಗಿಯುವಷ್ಟರಲ್ಲಿ ಐವತ್ತಕ್ಕೂ ಹೆಚ್ಚು ಜರ್ಮನ್ ಜನರಲ್‌ಗಳು ಆ ಮನೆಯ ಅನ್ನ ಉಂಡಿದ್ದರು.

ನಮ್ಮ ಮದುವೆ ಮನೆಗಳಲ್ಲಿ ಬೀಗರನ್ನು ಉಪಚರಿಸುವುದಕ್ಕೆ ಒಂದು ಶಾಸ್ತ್ರವಿದೆ. ಬೀಗರಿಗೆ ಬೇರೆ ಕೋಣೆ, ಹಬೆಯಾಡುವ ಕಾಫಿ, ಮೊದಲ ಪಂಕ್ತಿ. ಅವರ ಜೊತೆಗೆ ಹುಡುಗಿಯ ಕಡೆಯ ಒಬ್ಬ ಚಾಲಾಕಿ ಸೋದರಮಾವನನ್ನು ಬಿಟ್ಟಿರುತ್ತಾರೆ. ಎಲೆಅಡಿಕೆ ತಟ್ಟೆ ಚಾಚುವುದು, ಅವರ ಹಾಸ್ಯಕ್ಕೆ ನಗುವುದು, ಗೊಣಗಾಟ ಎತ್ತ ತಿರುಗುತ್ತಿದೆಯೆಂದು ಒಳಗೆ ಸುದ್ದಿ ಮುಟ್ಟಿಸುವುದು ಅವನ ಕೆಲಸ. ಟ್ರೆಂಟ್ ಪಾರ್ಕಿನ ಸೋದರಮಾವನ ಹೆಸರು ಲಾರ್ಡ್ ಅಬರ್‌ಫೆಲ್ಡಿ. ಸ್ಕಾಟ್‌ಲೆಂಡಿನ ಶ್ರೀಮಂತ, ರಾಜಮನೆತನದ ನಂಟ, ಜನರಲ್‌ಗಳ ಯೋಗಕ್ಷೇಮಕ್ಕೆಂದೇ ನೇಮಕವಾದವನು ಎಂದು ಅವನನ್ನು ಪರಿಚಯಿಸಿದ್ದರು. ನಿಜದಲ್ಲಿ ಅಂಥ ಲಾರ್ಡ್ ಪ್ರಪಂಚದಲ್ಲೇ ಇರಲಿಲ್ಲ. ಅವನು ಇಯಾನ್ ಮನ್ರೊ ಎಂಬ ಗುಪ್ತಚರ ಅಧಿಕಾರಿ. ಲಂಡನ್ನಿಗೆ ಹೋಗಿ ಅವರಿಗೆ ಕ್ಷೌರದ ಕ್ರೀಮು, ಸಿಗರೇಟು, ಚಾಕೊಲೇಟು ತಂದುಕೊಡುತ್ತಿದ್ದ. ಕೆಲವರನ್ನು ಲಂಡನ್ನಿನ ಒಳ್ಳೆಯ ಹೋಟೆಲುಗಳಿಗೆ ಊಟಕ್ಕೂ ಕರೆದೊಯ್ದರು. ಊರಿನ ಜನ ರೇಷನ್ ಚೀಟಿ ಹಿಡಿದು ಮೊಟ್ಟೆಗೆ ಸಾಲು ನಿಂತಿದ್ದ ಕಾಲ ಅದು. ಈ ಮುದ್ದಾಟ ಕೇಳಿ ಚರ್ಚಿಲ್ ಕೆಂಡವಾದ ಎನ್ನುತ್ತಾರೆ. ಅದೇ ಮನೆಯ ಅದೇ ಊಟಕ್ಕೆ ತಾನೂ ಕೂತಿದ್ದವನಿಗೆ ಹೊಟ್ಟೆಯುರಿ ಸಹಜವೇ.

ಜನರಲ್‌ಗಳಿಗೆ ಇದರಲ್ಲಿ ಏನೂ ವಿಶೇಷ ಕಾಣಲಿಲ್ಲ. ಜನರಲ್ ಎಂದ ಮೇಲೆ ಮಹಲು, ಆಳು, ಬಿಲಿಯರ್ಡ್ಸ್, ಲೈಬ್ರರಿ, ಕೆರೆಯ ಸುತ್ತ ವಾಯುವಿಹಾರ ಸಲ್ಲಬೇಕಾದ್ದೇ ತಾನೆ? ನಮ್ಮ ಅಂತಸ್ತನ್ನು ಶತ್ರುವೂ ಗೌರವಿಸುತ್ತಿದ್ದಾನೆ ಎಂದುಕೊಂಡರು. ಹಿಟ್ಲರನ ಪರ ಒಂದು ಗುಂಪು, ವಿರುದ್ಧ ಒಂದು ಗುಂಪು ಆಯಿತು. ಜಗಳ ಶುರುವಾಯಿತು. ಜಗಳಕ್ಕಿಂತ ಒಳ್ಳೆಯ ಬೆಳೆ ಕೆಳಗೆ ಕಿವಿಯಾನಿಸಿ ಕೂತವರಿಗೆ ಬೇರೊಂದಿಲ್ಲ. ವಾದದಲ್ಲಿ ಗೆಲ್ಲಬೇಕೆಂಬ ಹಟಕ್ಕೆ ಬಿದ್ದ ಮನುಷ್ಯ ತನಗೆ ಗೊತ್ತಿರುವುದನ್ನೆಲ್ಲ ಹರವಿಬಿಡುತ್ತಾನೆ.

1943ರ ಮಾರ್ಚ್ 22ರಂದು ಥೋಮಾ ಮತ್ತು ಕ್ರೂವೆಲ್ ಹರಟುತ್ತಿದ್ದರು. ಥೋಮಾನಿಗೆ ಹಿಟ್ಲರನನ್ನು ಕಂಡರಾಗದು. ಕ್ರೂವೆಲ್ ಹಿಟ್ಲರನ ನಿಷ್ಠ. ಮಾತಿನ ನಡುವೆ ಥೋಮಾ ತಾನು ಹಿಂದೆ ಸೇನಾಪತಿ ಬ್ರೌಖಿಚ್ ಜೊತೆ ರಾಕೆಟ್ ಪ್ರಯೋಗದ ಜಾಗಕ್ಕೆ ಹೋಗಿದ್ದನ್ನು ನೆನೆದ. ಭಾರೀ ಗಾತ್ರದ ರಾಕೆಟ್‌ಗಳು. ಒಂದು ವರ್ಷ ತಡೆಯಿರಿ, ಆಮೇಲೆ ತಮಾಷೆ ನೋಡಿ ಎಂದು ಅಲ್ಲಿನ ಅಧಿಕಾರಿ ಹೇಳಿದ್ದನಂತೆ. ನಾವಿರುವುದು ಲಂಡನ್ನಿನ ಹತ್ತಿರವೇ ಎಲ್ಲೋ ಇರಬೇಕು, ಇನ್ನೂ ದೊಡ್ಡ ಸದ್ದೇನೂ ಕೇಳಿಲ್ಲ, ಆದ್ದರಿಂದ ಕೆಲಸ ಎಲ್ಲೋ ತಡವಾಗಿರಬೇಕು ಎಂದು ಥೋಮಾ ತರ್ಕಿಸಿದ. ಸದ್ದು ಕೇಳಲಿಲ್ಲವೆಂದು ಅವನು ಆಡಿದ ಆ ಮಾತು ಕೆಳಗೆ ಬಹಳ ಸ್ಪಷ್ಟವಾಗಿ ಕೇಳಿಸಿತು. ಅಲ್ಲಿಯವರೆಗೆ ಜರ್ಮನರ ರಾಕೆಟ್ ಎಂಬುದು ಬರಿಯ ಗುಸುಗುಸು ಎಂದುಕೊಂಡಿದ್ದ ಗುಪ್ತಚರರು ಎದ್ದು ಕೂತರು. ಚರ್ಚಿಲ್ ತನ್ನ ಅಳಿಯ ಡಂಕನ್ ಸ್ಯಾಂಡಿಸ್‌ನನ್ನು ತನಿಖೆಗೆ ಹಚ್ಚಿದ. ವಿಮಾನದಿಂದ ತೆಗೆದ ಫೋಟೊಗಳು, ಬೇರೆ ಬೇಹಿನ ಸುದ್ದಿಗಳು ಎಲ್ಲ ಸೇರಿ ಬಾಲ್ಟಿಕ್ ತೀರದ ಪೀನೆಮುಂಡೆಯ ಕಡೆ ಬೆರಳು ತೋರಿದವು. ಆಗಸ್ಟ್ 17ರ ರಾತ್ರಿ ಸುಮಾರು 600 ಬ್ರಿಟಿಷ್ ವಿಮಾನಗಳು ಅದರ ಮೇಲೆ ಬಾಂಬು ಸುರಿದವು. ವಿ-2 ರಾಕೆಟ್ ಲಂಡನ್ನಿನ ಮೇಲೆ ಬೀಳುವ ಹೊತ್ತಿಗೆ 1944ರ ಸೆಪ್ಟೆಂಬರ್ ಆಗಿತ್ತು. ಆ ತಡಕ್ಕೆ ಕಾರಣಗಳು ಹಲವು. ಒಂದು ಮಧ್ಯಾಹ್ನದ ಹರಟೆಯೂ ಅದರಲ್ಲೊಂದು.

ಈಗ ನೆಲಮಾಳಿಗೆಗೆ ಇಳಿಯೋಣ. ಮೊದಮೊದಲು ಅಲ್ಲಿ ಕೂತಿದ್ದವರು ಜರ್ಮನ್ ಕಲಿತ ಇಂಗ್ಲಿಷರು. ಕೈದಿಗಳು ಹೆಚ್ಚಿದಂತೆ ಅವರಿಗೆ ಕಷ್ಟವಾಯಿತು. ಬವೇರಿಯಾದವನ ರಾಗ, ಸ್ಯಾಕ್ಸನಿಯವನ ಎಳೆತ, ಸಿಪಾಯಿಗಳ ಹೊಲಸು ಮಾತು, ಇವು ಕಾಲೇಜಿನ ಪಾಠದಲ್ಲಿ ಬರುವುದಿಲ್ಲ. ಆಗ ಕೆಂಡ್ರಿಕ್‌ಗೆ ಹೊಳೆದದ್ದು ಹಿಟ್ಲರನಿಂದ ತಪ್ಪಿಸಿಕೊಂಡು ಬಂದ ಜರ್ಮನ್, ಆಸ್ಟ್ರಿಯನ್ ಯಹೂದಿ ಹುಡುಗರು. 1940ರಲ್ಲಿ ಬ್ರಿಟನ್ ಇವರನ್ನೇ ಶತ್ರುದೇಶದವರೆಂದು ಹಿಡಿದು ಐಲ್ ಆಫ್ ಮ್ಯಾನ್ ದ್ವೀಪದಂಥ ಕಡೆ ಕೂಡಿಹಾಕಿತ್ತು. ಆಮೇಲೆ ಬಿಟ್ಟು, ಪಯೊನಿಯರ್ ಕೋರ್ ಎಂಬ ಪಡೆಗೆ ಸೇರಿಸಿ ಗುಂಡಿ ತೋಡಲು ಹಚ್ಚಿತ್ತು. ಅವರ ಕೈಯಲ್ಲಿದ್ದ ಸನಿಕೆಗಿಂತ ನಾಲಿಗೆ ಮೇಲಿದ್ದ ಭಾಷೆ ಬೆಲೆಬಾಳುತ್ತದೆಂದು ಸರ್ಕಾರಕ್ಕೆ ಅರ್ಥವಾಗಲು ಮೂರು ವರ್ಷ ಹಿಡಿಯಿತು.

ಕೆಲಸ ಹೀಗೆ: ಕಿವಿಗೆ ಹೆಡ್‌ಫೋನು, ಎದುರಿಗೆ ಸ್ವಿಚ್ಚುಗಳು, ಪಕ್ಕದಲ್ಲಿ ಗ್ರಾಮಫೋನಿನಂಥ ಯಂತ್ರ. ಒಬ್ಬೊಬ್ಬನ ಪಾಲಿಗೆ ಒಂದಷ್ಟು ಕೋಣೆಗಳು. ಮೇಲೆ ಗಂಟೆಗಟ್ಟಲೆ ನಡೆಯುವುದು ಹಲ್ಲುನೋವು, ಹೆಂಡತಿಯ ಕಾಗದ, ಹವಾಮಾನದ ಗೊಣಗಾಟ. ಅದನ್ನೂ ಬಿಡದೆ ಕೇಳುತ್ತ ಕೂರಬೇಕು. ಕೆಲಸಕ್ಕೆ ಬರುವ ಮಾತು ಶುರುವಾಯಿತೆನ್ನುವಾಗ ತಟ್ಟನೆ ಮುದ್ರಿಸುವ ಸೂಜಿಯನ್ನು ತಟ್ಟೆಯ ಮೇಲಿಳಿಸಬೇಕು. ಸೂಜಿ ಕೊರೆದಂತೆ ತಟ್ಟೆಯ ಮೇಲಿನ ಲೇಪದಿಂದ ತೆಳ್ಳನೆಯ ಕಪ್ಪು ಎಳೆ ಸುರುಳಿ ಸುತ್ತುತ್ತ ಏಳುತ್ತದೆ; ಅದು ಸಿಕ್ಕಿಕೊಳ್ಳದಂತೆ ಆಚೆ ಸರಿಸುತ್ತಿರಬೇಕು. ಮೇಲಿನವನು ನೆಗಡಿಯಾಗಿ ಸೀನಿದರೆ ಕೆಳಗಿನವನ ಕಿವಿ ಗುಂಯ್ ಎನ್ನಬೇಕು. ತನ್ನ ಅಪ್ಪ ಅಮ್ಮ ಎಲ್ಲಿದ್ದಾರೆ, ಇದ್ದಾರೋ ಇಲ್ಲವೋ ಎಂದು ತಿಳಿಯದ ಹುಡುಗ, ಅವರನ್ನು ಅಟ್ಟಿದ ಸೈನ್ಯದ ಜನರಲ್ ಇಂದು ಮಾಂಸ ಸರಿಯಾಗಿ ಬೆಂದಿರಲಿಲ್ಲ ಎನ್ನುವುದನ್ನು ಬರೆದುಕೊಳ್ಳುತ್ತಿದ್ದ.

ಮಾಂಸ ಬೇಯದಿದ್ದ ಮಾತಷ್ಟೇ ಆಗಿದ್ದರೆ ಈ ಪ್ರಬಂಧವನ್ನು ನಗುನಗುತ್ತಲೇ ಮುಗಿಸಬಹುದಿತ್ತು. ಜನರಲ್‌ಗಳು ಬೇರೆಯದನ್ನೂ ಆಡಿದರು. ಪೋಲೆಂಡಿನಲ್ಲಿ, ರಷ್ಯಾದಲ್ಲಿ, ಹಳ್ಳಗಳ ಅಂಚಿಗೆ ಜನರನ್ನು ಸಾಲಾಗಿ ನಿಲ್ಲಿಸಿ ಕೊಂದದ್ದನ್ನು ಕಂಡವರು ಕಂಡಂತೆ, ಮಾಡಿದವರು ಮಾಡಿದಂತೆ ಹೇಳಿಕೊಂಡರು. ಸೈನ್ಯಕ್ಕೆ ಇದೊಂದೂ ಗೊತ್ತಿರಲಿಲ್ಲ, ಎಲ್ಲ ನಾಜಿ ಪಕ್ಷದವರ ಕೆಲಸ ಎಂದು ಯುದ್ಧಾನಂತರ ಇವರ ವೃತ್ತಿಬಾಂಧವರು ದಶಕಗಟ್ಟಲೆ ಹೇಳಿಕೊಂಡು ಬಂದದ್ದಕ್ಕೆ ಉತ್ತರ ಆ ತಟ್ಟೆಗಳಲ್ಲಿತ್ತು. ಇಂಥ ಮಾತುಗಳಿದ್ದ ತಟ್ಟೆಗಳನ್ನು ಅಳಿಸಕೂಡದು, ಕೆಂಪಕ್ಷರದ ಗುರುತು ಹಾಕಿ ಎತ್ತಿಡಬೇಕು ಎಂದು ಕೇಳುಗರಿಗೆ ಅಪ್ಪಣೆಯಿತ್ತು. ಎತ್ತಿಟ್ಟರು ನಿಜ, ಆದರೆ ನ್ಯೂರೆಂಬರ್ಗ್ ವಿಚಾರಣೆಯಲ್ಲಿ ಹೊರಗೆ ತೆಗೆಯಲಿಲ್ಲ. ತೆಗೆದರೆ ಗೋಡೆಗೆ ಕಿವಿಯಿದ್ದದ್ದು ಜಗಜ್ಜಾಹೀರಾಗುತ್ತಿತ್ತು, ಮುಂದಿನ ಶತ್ರುವಿಗೆ ಆ ವಿದ್ಯೆ ನಡೆಯುತ್ತಿರಲಿಲ್ಲ. ಬೇಹುಗಾರಿಕೆಯ ದೃಷ್ಟಿಯಿಂದ ಅದು ಸರಿಯಾದ ಲೆಕ್ಕವಿರಬಹುದು. ನನಗೆ ಮಾತ್ರ ಅದು ಇಂದಿಗೂ ಗಂಟಲಿಗೆ ಇಳಿಯುವುದಿಲ್ಲ.

ಪ್ಯಾರಿಸಿನ ಕೊನೆಯ ಜರ್ಮನ್ ಅಧಿಪತಿ ಡೀಟ್ರಿಖ್ ಫಾನ್ ಖೋಲ್ಟಿಟ್ಸ್ 1944ರ ಆಗಸ್ಟಿನ ಕೊನೆಯಲ್ಲಿ ಇಲ್ಲಿಗೆ ಬಂದ. ಹಿಟ್ಲರನ ಆಜ್ಞೆ ಮೀರಿ ಪ್ಯಾರಿಸನ್ನು ಸುಡದೆ ಉಳಿಸಿದ ಪುಣ್ಯಾತ್ಮನೆಂದು ಅವನ ಹೆಸರು. ಟ್ರೆಂಟ್ ಪಾರ್ಕಿಗೆ ಬಂದ ಹೊಸದರಲ್ಲೇ ಅವನು ಜೊತೆಯವನೊಂದಿಗೆ, ತನ್ನ ಪಾಲಿಗೆ ಬಂದ ಅತಿ ಕೆಟ್ಟ ಕೆಲಸ ಯಹೂದಿಗಳನ್ನು ಮುಗಿಸುವುದು, ಅದನ್ನೂ ತಾನು ಪೂರ್ತಿ ಮಾಡಿದೆ ಎಂದ. 1966ರಲ್ಲಿ ಪ್ಯಾರಿಸ್ ಉಳಿದ ಕಥೆ ‘ಈಸ್ ಪ್ಯಾರಿಸ್ ಬರ್ನಿಂಗ್?’ ಎಂಬ ಅದ್ದೂರಿ ಸಿನಿಮಾ ಆಯಿತು. ಅದೇ ವರ್ಷ ಖೋಲ್ಟಿಟ್ಸ್ ತೀರಿಕೊಂಡ. ಅವನಾಡಿದ ಮಾತಿನ ಕಾಗದ ಲಂಡನ್ನಿನ ಕಡತದಲ್ಲಿ ತೆಪ್ಪಗೆ ಮಲಗಿತ್ತು. ಕಡತಗಳು ತೆರೆದದ್ದು 1990ರ ದಶಕದಲ್ಲಿ. 2001ರಲ್ಲಿ ಜೋಂಕೆ ನೈಟ್ಜೆಲ್ ಎಂಬ ಜರ್ಮನ್ ಇತಿಹಾಸಕಾರ ಅವುಗಳ ಕಟ್ಟು ಬಿಚ್ಚಿದ.

ಉಪಚಾರದ ವಿಷಯದಲ್ಲಿ ಇನ್ನೊಂದು ಮಾತು. ಟ್ರೆಂಟ್ ಪಾರ್ಕನ್ನು ನಡೆಸುತ್ತಿದ್ದ ವಿಚಾರಣಾ ಸಂಸ್ಥೆಗೆ ಭಾರತದಲ್ಲೂ ಒಂದು ಶಾಖೆಯಿತ್ತು, ದೆಹಲಿಯ ಕೆಂಪುಕೋಟೆಯಲ್ಲಿ. ಅಲ್ಲಿ ವಿಚಾರಣೆಗೆ ಗುರಿಯಾದವರು ಸುಭಾಷರ ಆಜಾದ್ ಹಿಂದ್ ಫೌಜಿನವರು. ಅವರಿಗಾಗಿ ಯಾವ ಲಾರ್ಡೂ ಚಾಂದನಿ ಚೌಕಕ್ಕೆ ಹೋಗಿ ಕ್ಷೌರದ ಕ್ರೀಮು ತಂದದ್ದನ್ನು ನಾನು ಎಲ್ಲೂ ಓದಿಲ್ಲ.

ಟ್ರೆಂಟ್ ಪಾರ್ಕಿನ ವಿದ್ಯೆ ಯುದ್ಧದ ಕೊನೆಗೆ ಕೇಂಬ್ರಿಜ್ ಬಳಿಯ ಫಾರ್ಮ್ ಹಾಲ್ ಎಂಬ ಇನ್ನೊಂದು ಮನೆಯಲ್ಲೂ ಉಪಯೋಗಕ್ಕೆ ಬಂತು. 1945ರ ಜುಲೈಯಿಂದ ಆರು ತಿಂಗಳು ಅಲ್ಲಿ ಹತ್ತು ಮಂದಿ ಜರ್ಮನ್ ಪರಮಾಣು ವಿಜ್ಞಾನಿಗಳನ್ನು ಇಟ್ಟಿದ್ದರು. ಅವರಲ್ಲೊಬ್ಬ, ಇಲ್ಲೇನಾದರೂ ಮೈಕ್ರೊಫೋನು ಇಟ್ಟಿರಬಹುದೇ ಎಂದು ಕೇಳಿದ. ವರ್ನರ್ ಹೈಸನ್‌ಬರ್ಗ್ ನಕ್ಕ. ಬ್ರಿಟಿಷರು ಹಳೆಯ ಕಾಲದವರು, ಗೆಸ್ಟಾಪೊದ ನಿಜವಾದ ಪಟ್ಟುಗಳು ಅವರಿಗೆ ಗೊತ್ತಿಲ್ಲ ಎಂಬರ್ಥದ ಮಾತಾಡಿದ. ಅದು ನಮಗೆ ಗೊತ್ತಾದದ್ದು ಮೈಕ್ರೊಫೋನಿನಿಂದ. ಅನಿಶ್ಚಿತತೆಯ ತತ್ವ ಕೊಟ್ಟ ಮಹಾಶಯ ಈ ಒಂದು ವಿಷಯದಲ್ಲಿ ಬಹಳ ನಿಶ್ಚಿತವಾಗಿದ್ದ.

ಯುದ್ಧ ಮುಗಿದ ಮೇಲೆ ಟ್ರೆಂಟ್ ಪಾರ್ಕಿನಲ್ಲಿ ಮೇಷ್ಟ್ರುಗಳ ತರಬೇತಿ ಕಾಲೇಜು ಶುರುವಾಯಿತು. ಮುಂದೆ ಅದು ಮಿಡ್ಲ್‌ಸೆಕ್ಸ್ ವಿಶ್ವವಿದ್ಯಾಲಯದ ಪಾಲಾಗಿ 2012ರವರೆಗೆ ನಡೆಯಿತು. ಈಗ ಸುತ್ತ ಹೊಸ ಮನೆಗಳೂ ಫ್ಲ್ಯಾಟುಗಳೂ ಎದ್ದಿವೆ. ಬಂಗಲೆಯ ಕೆಳಭಾಗವನ್ನು ವಸ್ತುಸಂಗ್ರಹಾಲಯಕ್ಕೆಂದು ಬಿಟ್ಟುಕೊಟ್ಟಿದ್ದಾರೆ.

ಕೇಳುಗರು ತಮ್ಮ ಕೆಲಸದ ಬಗ್ಗೆ ಅರ್ಧ ಶತಮಾನ ಬಾಯಿ ಬಿಡಲಿಲ್ಲ. ಅವರಲ್ಲೊಬ್ಬ ಫ್ರಿಟ್ಜ್ ಲುಸ್ಟಿಗ್, ಬರ್ಲಿನ್ನಿನ ಹುಡುಗ. ಯುದ್ಧ ಶುರುವಾಗುವ ಕೆಲವೇ ತಿಂಗಳ ಮುಂಚೆ ತಪ್ಪಿಸಿಕೊಂಡು ಬಂದವನು, ದ್ವೀಪದಲ್ಲಿ ಕೈದಿಯಾಗಿದ್ದವನು, ಪಯೊನಿಯರ್ ಪಡೆಯ ವಾದ್ಯಗೋಷ್ಠಿಯಲ್ಲಿ ಚೆಲ್ಲೊ ನುಡಿಸಿದವನು. ಟ್ರೆಂಟ್ ಪಾರ್ಕಿನ ಜೋಡಿ ಮನೆಗಳಾದ ಲ್ಯಾಟಿಮರ್ ಹೌಸ್, ವಿಲ್ಟನ್ ಪಾರ್ಕುಗಳಲ್ಲಿ ಹೆಡ್‌ಫೋನು ಹಾಕಿಕೊಂಡು ಕೂತ. ಬಂದೂಕು ಹಿಡಿದು ಕಾದಾಡುವುದಕ್ಕಿಂತ ಈ ಕೆಲಸ ದೊಡ್ಡದು ಎಂದು ಕೆಂಡ್ರಿಕ್ ಅವನಿಗೆ ಮೊದಲ ದಿನವೇ ಹೇಳಿದ್ದನಂತೆ. ಅದೇ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದ, ತನ್ನಂತೆಯೇ ಜರ್ಮನಿಯಿಂದ ಬಂದ ಹುಡುಗಿಯನ್ನು ಮದುವೆಯಾದ. 2017ರಲ್ಲಿ, 98ನೆಯ ವಯಸ್ಸಿನಲ್ಲಿ ತೀರಿಕೊಂಡ. ತುಟಿ ಬಿಗಿದುಕೊಂಡಿದ್ದ ಈ ದಂಪತಿಯ ಮಗ ರಾಬಿನ್ ಲುಸ್ಟಿಗ್ ಬಿಬಿಸಿ ರೇಡಿಯೊದಲ್ಲಿ ಸುದ್ದಿ ನಿರೂಪಕನಾಗಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಇಡೀ ಪ್ರಪಂಚಕ್ಕೆ ಕೇಳಿಸುವಂತೆ ಮಾತಾಡಿದ.